ಒಂದು ವ್ಯಾಟಿನ ಗಿರಾಕಿ

ಗಿಟಾರ್ ಅಂಗಡಿಗೆ ಬರುವವರೆಲ್ಲ ಊರು ನಡುಗಿಸುವ ಆಂಪ್ಲಿಫೈಯರ್ ಕೇಳಿದರೆ, ಅಂಗಡಿಯವನು ‘ವ್ಯಾಟಪ್ಪ’ ಎಂದು ಹೆಸರಿಟ್ಟ ಈ ಗಿರಾಕಿಗೆ ಎಲ್ಲಕ್ಕಿಂತ ಬಡಕಲಾದದ್ದೇ ಬೇಕು. ಹದಿನೈದು ವ್ಯಾಟಿನದು ತೋರಿಸಿದರೆ ಹುಲಿ ಕಂಡವನಂತೆ ಹಿಂದೆ ಸರಿಯುತ್ತಾನೆ. ಐದಕ್ಕೂ “ಅಯ್ಯೋ, ಜೋರಾಯ್ತಣ್ಣ” ಎನ್ನುತ್ತಾನೆ. ಒಂದು ವ್ಯಾಟಿನದರೊಳಗಿನ, ಹಳೇ ರೇಡಿಯೊದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್‌ಗಳು ಕೆಂಪಗೆ ಕಾಯುವ ತನಕ ಒಲೆ ಮುಂದಿನ ಬೆಕ್ಕಿನ ಹಾಗೆ ಕೂತಿರುತ್ತಾನೆ. ಆಮೇಲೆ ಅಂಗಡಿಯವನನ್ನೇ ಗೋದಾಮಿಗೆ ಅಟ್ಟಿ, ಬಾಗಿಲು ಹಾಕಿಸಿ, ಮೆಲ್ಲಗೆ ತಂತಿ ಮೀಟಿ “ಕೇಳಿಸ್ತಾ?” ಎಂದು ಕೂಗುತ್ತಾನೆ. ಕೂಗು ಕೇಳಿಸುತ್ತದೆ, ಗಿಟಾರ್ ಕೇಳಿಸುವುದಿಲ್ಲ. ಮೊನ್ನೆ ಶನಿವಾರ, ವ್ಯಾಪಾರ ಕುದುರಿತೆಂದು ಹಿಗ್ಗಿದ ಅಂಗಡಿಯವನು, “ಏನೂ ಕೇಳಿಸಲ್ಲ ಕಣಪ್ಪ, ಪಕ್ಕದ ಕೋಣೆಯವರು ಹಾಯಾಗಿ ಮಲಗಬಹುದು” ಎಂದರೆ ಇವನ ಮುಖ ಸಪ್ಪಗಾಯಿತು. “ಕೇಳಿಸ್ಬೇಕಣ್ಣ. ಮನೇಲಿ ಪಕ್ಕದ ಕೋಣೇಲಿ ನಮ್ಮಪ್ಪ ಮಲಗಿದಾರೆ. ಆಸ್ಪತ್ರೆಯಿಂದ ಬಂದಾಗಿಂದ ಮಾತೇ ಆಡ್ತಿಲ್ಲ. ಜೋರಾದ್ರೆ ಬೆಚ್ಚಿಬೀಳ್ತಾರೆ. ಈ ವಾಲ್ವ್ ಮೆತ್ತಗಿದ್ರೂ ಗರಗರ ಅನ್ನುತ್ತಲ್ಲ, ಆ ಸದ್ದು ಕಂಡ್ರೆ ಅವರಿಗೆ ಮೊದಲಿಂದಲೂ ಆಗಲ್ಲ. ‘ನಿಲ್ಸೋ ಕತ್ತೆ’ ಅಂತ ಒಂದ್ಸಲ ಬೈದ್ರೆ ಸಾಕು.” ಅಂಗಡಿಯವನು ಮತ್ತೆ ಗೋದಾಮಿಗೆ ಹೋದ, ಬಾಗಿಲು ಹಾಕಿಕೊಂಡ, ಖಾಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಅಂಗಾತ ಮಲಗಿದ. ವ್ಯಾಟಪ್ಪ ಸದ್ದನ್ನು ಕೂದಲೆಳೆಯಷ್ಟು ಏರಿಸಿ ಮೀಟಿದ, ಇನ್ನೊಂದೆಳೆ ಏರಿಸಿ ಮೀಟಿದ. ಮೂರನೆಯದಕ್ಕೆ ಬಾಗಿಲಾಚೆಯಿಂದ ದನಿ ಬಂತು: “ನಿಲ್ಸೋ ಕತ್ತೆ!”