ಹಸಿ ಮಾಲಿನ ಕಡಿತ

ಲ್ಯಾಬಿನ ಮೋಹಿನಿಯಕ್ಕ ಎಂದರೆ ಸೂಜಿ ಚುಚ್ಚಿ, ಹತ್ತಿ ಒತ್ತಿ, "ಕೈ ಮಡಚಿ" ಎನ್ನುವವರು, ಉಳಿದದ್ದೆಲ್ಲ ಯಂತ್ರದ ಕೆಲಸ ಎಂದು ಸುಳ್ಯದ ನಮ್ಮಂಥ ಬುದ್ಧಿವಂತರು ಬಹಳ ಕಾಲ ತಿಳಿದಿದ್ದೆವು. ಕಲ್ಲುಗುಂಡಿಯ ರಬ್ಬರ್ ವ್ಯಾಪಾರಿ ದುಗ್ಗಪ್ಪನವರು ತಿಳಿದದ್ದಷ್ಟೇ ಅಲ್ಲ, ಅವರೆದುರೇ ಹೇಳಿಯೂ ಇದ್ದರು. ಹತ್ತೊಂಬತ್ತು ವರ್ಷ ಊರವರ ರಕ್ತ ತೆಗೆದ ಮೋಹಿನಿಯಕ್ಕ ಅಂಥ ಮಾತಿಗೆ ತಲೆ ಎತ್ತುವವರಲ್ಲ.

ಒಂದು ದಿನ ದುಗ್ಗಪ್ಪನವರು ಮೂರು ತಿಂಗಳ ಬಸುರಿ ಸೊಸೆ ಸುರಕ್ಷಾಳನ್ನು ಕರೆತಂದಿದ್ದರು. ಗರ್ಭದ ಮಾಸಿನಿಂದ ತಾಯಿಯ ರಕ್ತಕ್ಕೆ ಬರುವ ಹಾರ್ಮೋನು ಅಳೆದು, ಮಗುವಿಗೆ ದೋಷವಿರುವ ಸಂಭವ ಎಷ್ಟೆಂದು ಲೆಕ್ಕ ಹಾಕುವ ಪರೀಕ್ಷೆ. ಫಾರಮನ್ನು ಮಾವನೇ ಮನೆಯಲ್ಲಿ ತುಂಬಿಸಿದ್ದರು. ಜನ ಹೆಚ್ಚಿದ್ದರಿಂದ ಮೋಹಿನಿಯಕ್ಕ ತೂಕ ನೋಡದೆ ರಕ್ತವನ್ನು ಮಂಗಳೂರಿಗೆ ಕಳುಹಿಸಿದರು. ತಪ್ಪು ಅವರದೂ ಉಂಟು, ಅವರೇ ಒಪ್ಪುತ್ತಾರೆ.

ವರದಿ ಬಂತು: ನೂರ ಎಂಬತ್ತರಲ್ಲಿ ಒಂದು, ಅಪಾಯ ಹೆಚ್ಚು. ಗುರುವಾರ ಹೊಟ್ಟೆಗೇ ಸೂಜಿ ಹಾಕಿ ನೋಡುವ ಎಂದರು ಡಾಕ್ಟರು. ಆ ಸೂಜಿಯಿಂದ ಅಪರೂಪಕ್ಕೆ ಬಸಿರೇ ಹೋಗುವುದುಂಟು. ವರದಿಯ ಪ್ರತಿ ಕೇಳಲು ಸುರಕ್ಷಾ ಮಾವನೊಂದಿಗೆ ಲ್ಯಾಬಿಗೆ ಬಂದಳು.

ಮೋಹಿನಿಯಕ್ಕ ಕಾಗದ ನೋಡಿದರು, ಅವಳನ್ನು ನೋಡಿದರು, ಮತ್ತೆ ಕಾಗದ ನೋಡಿದರು.

"ಅರವತ್ತೆರಡು ಕಿಲೋವಾ? ಈ ತೂಕದ ಮಿಷಿನಿನ ಮೇಲೊಮ್ಮೆ ನಿಲ್ಲು ಮಗಾ."

ಮುಳ್ಳು ಎಪ್ಪತ್ತನಾಲ್ಕಕ್ಕೆ ಹೋಗಿ ನಿಂತಿತು.

"ಅವತ್ತೂ ಅಷ್ಟೇ ಇತ್ತು ಅಕ್ಕಾ, ಮಾವನ ಅಂಗಡಿಯ ತೂಕದ ಮಿಷಿನಿನಲ್ಲಿ."

"ಮತ್ತೆ ಹನ್ನೆರಡು ಕಿಲೋ ಎಲ್ಲಿಗೆ ಹೋಯ್ತು ಮಾರಾಯ್ರೆ?"

ದುಗ್ಗಪ್ಪನವರು ಬೆರಳು ಮಡಚಿ ಲೆಕ್ಕ ಕೊಟ್ಟರು. "ಕಡಿತ ಹಾಕಿದೆ. ಬಟ್ಟೆ-ಬಳೆಗೆ ಎರಡು, ಮಗುವಿಗೆ ಮೂರು, ನೀರಿನಂಶಕ್ಕೆ ಏಳು. ಹಸಿ ಮಾಲಿಗೆ ಕಡಿತ ಹಾಕದೆ ತೂಕ ಬರೆಯುದು ಹೇಗೆ? ಮೂವತ್ತು ವರ್ಷದ ಅನುಭವ ನನ್ನದು!"

"ಇವಳೆಂತ ರಬ್ಬರ್ ಶೀಟಾ? ಮೈ ದೊಡ್ಡದಾದರೆ ರಕ್ತವೂ ಹೆಚ್ಚು, ಅದರಲ್ಲಿ ಹಾರ್ಮೋನು ತೆಳುವಾಗ್ತದೆ. ಅದಕ್ಕೇ ತೂಕ ನೋಡಿ ಲೆಕ್ಕ ಹಾಕುದು. ನೀವು ತೂಕ ಇಳಿಸಿದಿರಿ, ಅಷ್ಟು ಸಣ್ಣ ಮೈಗೆ ಇದ್ದ ಹಾರ್ಮೋನು ಸಾಲದು ಅಂತಾಯ್ತು, ಅದು ಕಡಿಮೆಯಾದರೆ ಅಪಾಯ ಹೆಚ್ಚು ಅಂತ ಲೆಕ್ಕ."

ಅಲ್ಲಿಂದಲೇ ಮಂಗಳೂರಿಗೆ ಫೋನು ಹೋಯಿತು. ಬುಧವಾರ ಹೊಸ ಲೆಕ್ಕ ಬಂತು: ನಾನೂರ ಇಪ್ಪತ್ತರಲ್ಲಿ ಒಂದು. ಸೂಜಿ ಬೇಡ, ಮುಂದಿನ ಸ್ಕ್ಯಾನಿಂಗ್ ತಪ್ಪಿಸದಿದ್ದರೆ ಸಾಕು ಎಂದರು ಡಾಕ್ಟರು. ಲ್ಯಾಬಿನ ಬೆಂಚಿನಲ್ಲಿ ಕೂತು ಸುರಕ್ಷಾ ಸ್ವಲ್ಪ ಅತ್ತಳು, ಆಮೇಲೆ ಹಸಿವಾಗುತ್ತದೆ ಎಂದಳು.

ದುಗ್ಗಪ್ಪನವರಿಗೆ ತಮ್ಮ ಅನುಭವದ ಮೇಲಿದ್ದ ಗೌರವ ಒಂದು ಗ್ರಾಮೂ ಕಡಿಮೆಯಾಗಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು:

"ಮುಂದಿನ ಪರೀಕ್ಷೆಗೂ ಫಾರಂ ತುಂಬಿಸಲಿಕ್ಕೆ ನಾನೇ ಬರಬೇಕಾ?"

"ಬೇಡ," ಎಂದರು ಮೋಹಿನಿಯಕ್ಕ. "ಬಸುರಿ ಬಂದರೆ ಸಾಕು."