ಪಿನ್ನಿಗೆ ಕಟ್ಟಿದ ದಾರ

ನಮ್ಮ ಮನೆಯವರಿಗೆ ವೇಗದ ಹುಚ್ಚು ಹಿಡಿದದ್ದು ನಾರಾಯಣಪೇಟೆ ಜಿಲ್ಲೆಯಾದ ವರ್ಷವೇ. ಮೊದಲು ಹೊಸ ರಾಜ್ಯ ಬಂತು, ಆಮೇಲೆ ಹೊಸ ಜಿಲ್ಲೆ ಬಂತು, ಅದರ ಹಿಂದೆಯೇ ಕಲೆಕ್ಟರ್ ಬಂದರು. ಇನ್ನು ಬರಬೇಕಾದದ್ದು ಒಂದು ದಾಖಲೆ ಮಾತ್ರ ಎಂದು ಮಕ್ತಲ್‌ನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದ ಈ ಮನುಷ್ಯನಿಗೆ ಅನ್ನಿಸಿಬಿಟ್ಟಿತು.

ಫೋನಿನಲ್ಲಿ ಯಾವುದೋ ದೇಶದ ಉಪ್ಪಿನ ಬಯಲು ನೋಡುತ್ತ ಕೂತಿರುತ್ತಿದ್ದರು. ಅಲ್ಲಿ ಕಾರುಗಳು ಒಂದೊಂದೇ ಬಂದು ನೆಟ್ಟಗೆ ಓಡುತ್ತವೆ. ತಿರುವಿಲ್ಲ, ಪಕ್ಕದಲ್ಲಿ ಇನ್ನೊಂದು ಗಾಡಿಯಿಲ್ಲ.

“ಹಿಂಗ ಓಡಿ ಎಲ್ಲಿಗೆ ಹೋಗ್ತಾರ್ರೀ?” ಎಂದು ಕೇಳಿದೆ.

“ಎಲ್ಲಿಗೂ ಇಲ್ಲ. ಸ್ಪೀಡು ಅಳೀತಾರ, ಅಷ್ಟ.”

ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಒಂಟಿ ಕಾಲ ಮೇಲೆ ನಿಂತು ಹೋಗುವ ನಮಗೆ, ಎಲ್ಲಿಗೂ ಹೋಗದವರ ಈ ಅವಸರ ತಿಳಿಯಲಿಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಸುಮ್ಮನಾದೆ. ಆದರೆ ಗದ್ವಾಲದ ಯಾರೋ ಒಬ್ಬ ತನ್ನ ಗಾಡಿಯನ್ನು ನೂರಾ ನಲವತ್ತರ ಮೇಲೆ ಓಡಿಸಿದನಂತೆ ಎಂಬ ಸುದ್ದಿ ಬಂದ ದಿನ ಇವರಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಮರುದಿನವೇ ಒಂದು ಹಳೇ ಜೀಪು ಅಂಗಡಿ ಮುಂದೆ ಬಂದು ನಿಂತಿತು. ಬಾಗಿಲು, ಟಾಪು, ಹಿಂದಿನ ಸೀಟು ಎಲ್ಲ ಕಿತ್ತು ಹಾಕಿದರು. ಭಾರ ಕಡಿಮೆಯಾಗಬೇಕಂತೆ. ಅವರ ತಲೆಯೊಳಗೆ ಭಾರವೇನೂ ಇಲ್ಲವೆಂದು ಆಗಲೇ ನನಗೆ ಖಾತ್ರಿಯಾಗಿತ್ತು.

“ಬೆಂಕಿ ಹತ್ತಿದ್ರ ಏನ್ ಮಾಡ್ತೀರಿ?”

“ಏ, ಹತ್ತಂಗಿಲ್ಲ.”

“ಹತ್ತಂಗಿಲ್ಲ ಅಂತ ಬೆಂಕಿಗೆ ಹೇಳಿ ಬಂದೀರೇನು?”

ಅಲ್ಲಿಂದ ನನ್ನ ಕಾಯಿದೆ ಶುರುವಾಯಿತು. ನಾನು ನಾರಾಯಣಪೇಟೆ ಸೀರೆಗಳಿಗೆ ರವಿಕೆ ಹೊಲಿಯುವವಳು, ಬಟ್ಟೆಯ ಗುಣ ಬಲ್ಲೆ. ಅವರು ಹೊಳೆಯುವ ಪಾಲಿಸ್ಟರ್ ಅಂಗಿ ಬೇಕೆಂದು ಹಟ ಹಿಡಿದರು. ಪಾಲಿಸ್ಟರ್ ಸುಟ್ಟರೆ ಕರಗಿ ಮೈಗೆ ಅಂಟುತ್ತದೆ ಎಂದು ಬೈದು, ದಪ್ಪ ಹತ್ತಿಬಟ್ಟೆಯನ್ನು ಎರಡು ಪದರ ಮಾಡಿ ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಅಂಗಿ ಹೊಲಿದೆ. ಅದೇ ಬಟ್ಟೆಯಲ್ಲಿ ಗ್ಲೌಸೂ ಹೊಲಿದೆ. ಬೆಲ್ಟು ಸಿಕ್ಕಿಕೊಂಡರೆ ಕೊಯ್ಯಲು ಸೀಟಿನ ಪಕ್ಕ ಚಾಕು ಇಡಿಸಿದೆ. ರಾಯಚೂರಿನಿಂದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತರಿಸಿ ಕೈಗೆ ಎಟಕುವ ಹಾಗೆ ಕೂರಿಸಿದೆ. ಮೇಲಿನ ಪಿನ್ನು ಎಳೆದು ಹಿಡಿ ಒತ್ತಿದರೆ ಪುಡಿ ಚಿಮ್ಮುತ್ತದೆ. ಮಕ್ಕಳಿಗೂ ಬರುವ ಕೆಲಸ.

ಆದರೆ ಆ ಸಿಲಿಂಡರ್ ಕೆಂಪಗೆ, ಗುಂಡಗೆ, ಕುತ್ತಿಗೆ ಎತ್ತಿ ಕೂತಿತ್ತು. ನಮ್ಮ ಜನಕ್ಕೆ ಅಷ್ಟು ಸಾಕು. ರಾಜ್ಯ ಹುಟ್ಟಿದ ದಿನದ ಸಂಭ್ರಮಕ್ಕೆ ಓಟ ಇಟ್ಟುಕೊಂಡಿದ್ದರು. ಅವತ್ತು ಬೆಳಿಗ್ಗೆ ನಮ್ಮ ಅತ್ತೆ ಅದಕ್ಕೆ ಭಂಡಾರ ಹಚ್ಚಿ, ಮನೆದೇವರು ಬೀರಪ್ಪನ ಹೆಸರಿನಲ್ಲಿ ದಾರ ಕಟ್ಟಿದರು. ಎಲ್ಲಿಗೆ? ಪಿನ್ನಿಗೆ, ಹಿಡಿಯನ್ನೂ ಸೇರಿಸಿ ಸುತ್ತಿ. ಕಟ್ಟಲು ತೂತು ಇದ್ದದ್ದು ಅಲ್ಲೇ. ಎದುರು ಮನೆಯವರು ಮೈಲಾರನ ದಾರ ತಂದರು, ಹಿಂದಿನ ಓಣಿಯವರು ದರ್ಗಾದ ಹಸಿರು ದಾರ ತಂದರು. ಓಟಕ್ಕೆ ಬಾವುಟ ಬೀಸಲು ಬರಬೇಕಿದ್ದ ಲೀಡರ್ ಕಡೆಯ ಹುಡುಗರು, ದೇವರಿಗಿಂತ ತಾವೇನು ಕಡಿಮೆ ಎಂದು, ಒಂದು ರಿಬ್ಬನ್ನು ಸುತ್ತಿ ಹೋದರು.

“ದೇವರ ಹೆಸರಿನ ದಾರ ಕೊಯ್ಯಬಾರದವ್ವಾ. ತಾನಽ ಉದುರಬೇಕು, ಇಲ್ಲಾ ಗಂಟು ಬಿಚ್ಚಿ ತೆಗೀಬೇಕು,” ಎಂದರು ಅತ್ತೆ.

ಇವರನ್ನೆಲ್ಲ ನೋಡಿ ನಕ್ಕೆನೆಂದು ಬರೆದರೆ ಕತೆ ಚೆನ್ನಾಗಿರುತ್ತಿತ್ತು. ನಗಲಿಲ್ಲ. ಜೀಪಿನ ಹತ್ತಿರ ಯಾರೂ ಇಲ್ಲದಾಗ ಹೋಗಿ ನಾನೂ ಹಾಗೇ ಒಂದು ಕಟ್ಟಿದೆ. ಹೊಲಿಗೆಯ ನೈಲಾನ್ ದಾರವನ್ನು ನಾಲ್ಕು ಎಳೆ ಮಾಡಿ, ಅರಿಸಿನದಲ್ಲಿ ಅದ್ದಿ, ಗುಂಡಿ ಹಚ್ಚುವಾಗ ಹಾಕುವ ಗಂಟು ಹಾಕಿದೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ನಮ್ಮ ಮನೆಯವರು ಮಾತ್ರ ದೂರದಿಂದ ನೋಡಿ ಮುಗುಳ್ನಕ್ಕರು.

ಊರ ಹೊರಗೆ, ಇನ್ನೂ ಉದ್ಘಾಟನೆಯಾಗದ ಬೈಪಾಸ್ ರಸ್ತೆ. ಪಕ್ಕದಲ್ಲಿ ಶಾಮಿಯಾನ, ಅದರೊಳಗೆ ಲೀಡರ್‌ಗೆ ಒಂದು ದೊಡ್ಡ ಕುರ್ಚಿ, ಕುರ್ಚಿಯ ಮೇಲೆ ಗೌರವಕ್ಕೆಂದು ನಮ್ಮ ಮನೆಯ ಕರಿ ಕಂಬಳಿ. ಎಂಟಕ್ಕೆ ಬರುತ್ತೇನೆಂದವರು ಹನ್ನೊಂದಕ್ಕೆ ಬಂದರು. ಬಂದವರು ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಎಂಜಿನ್ ಗುಡುಗುತ್ತಿದ್ದರೆ ವಿಡಿಯೋ ಚೆನ್ನಾಗಿ ಬರುತ್ತದೆ, ಆರಿಸಬೇಡಿ ಎಂದು ಅವರ ಹುಡುಗರ ಅಪ್ಪಣೆಯಾಯಿತು. ಆಮೇಲೆ ಭಾಷಣ. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ತಮ್ಮದೇ ಸಾಧನೆ. ಜೂನ್ ಬಿಸಿಲಿನಲ್ಲಿ ಜೀಪು ನಿಂತಲ್ಲೇ ಕಾಯುತ್ತಿತ್ತು. ರಾಜ್ಯ ಎಷ್ಟು ವೇಗವಾಗಿ ಮುಂದೆ ಹೋಗುತ್ತಿದೆ ಎಂದು ಅವರು ಮುಕ್ಕಾಲು ತಾಸು ಹೇಳಿದರು.

ಕೊನೆಗೆ ಬಾವುಟ ಬೀಸಿದರು. ಜೀಪು ಹೊರಟು ಕೂಗಳತೆ ದೂರ ಹೋಗುವುದರೊಳಗೆ ಬಾನೆಟ್ಟಿನಿಂದ ಹೊಗೆ ಎದ್ದಿತು, ಹಿಂದೆಯೇ ಬೆಂಕಿ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲ್ ಪೈಪು ಬಿಟ್ಟುಕೊಂಡಿತ್ತು. ಜೀಪು ನಿಂತಿತು. ಇವರು ಇಳಿಯಲಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರು ಎಷ್ಟೋ ವಾಸಿ, ಏನಾದರೂ ಮಾಡುತ್ತಾರೆ. ಇಲ್ಲಿದ್ದವರೆಲ್ಲ ಫೋನ್ ಎತ್ತಿ ಹಿಡಿದರು. ನಾನು ಲೀಡರ್ ಕೆಳಗಿನ ಕಂಬಳಿಯ ಚುಂಗು ಹಿಡಿದು “ಏಳ್ರಿ!” ಎಂದು ಎಳೆದೆ. ಅವರು ಎದ್ದರೋ ಬಿದ್ದರೋ ನೋಡಲಿಲ್ಲ. ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲವೆಂದು ಕುರಿ ಕಾಯುವ ಮನೆಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೋಗಿ ನೋಡಿದರೆ ಇವರು ಆ ಸಿಲಿಂಡರನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ಬಗ್ಗಿಸಿ ಪಿನ್ನನ್ನು ಕೆದಕುತ್ತಿದ್ದಾರೆ. ಬೆಂಕಿ ಕೈಯ ಮೇಲೇ ಇತ್ತು. ಕಂಬಳಿ ಹೊದಿಸಿ, ಹಿಡಿದು ಎಳೆದು ಕೆಡವಿದೆ. ಜೀಪು ನಮ್ಮ ಕಣ್ಣೆದುರೇ ಸುಟ್ಟು ಹೋಯಿತು.

ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಮೈಗೆಲ್ಲೂ ಗಾಯವಿಲ್ಲ, ಎರಡೂ ಕೈ ಮಾತ್ರ ಸುಟ್ಟಿವೆ ಎಂದರು. ಅತ್ತೆ ಬಂದು ದಾರ ಕಾಪಾಡಿತು ಎಂದರು. ಲೀಡರ್ ಸೊಂಟಕ್ಕೆ ಪಟ್ಟಿ ಹಾಕಿಕೊಂಡು ಬಂದು, ಸೇಬು ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಇವರ ಅಂಗಿ ಮಡಚುತ್ತಿದ್ದೆ. ಜೇಬಿನಲ್ಲಿ ಎರಡೂ ಗ್ಲೌಸು ಸಿಕ್ಕವು, ಒಂದು ಎಳೆಯೂ ಕಂದಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

“ಇವನ್ನ ಜೇಬಿನ್ಯಾಗ ಇಡಾಕ ಹೊಲದು ಕೊಟ್ಟಿದ್ನೇನ್ರೀ ನಾನು?”

“ಹಾಕ್ಕೊಂಡಿದ್ನಿ. ಅದರಾಗ ಗಂಟು ಬಿಚ್ಚಾಕ ಬರಲಿಲ್ಲ, ತೆಗದ್ನಿ.”

“ಬಿಚ್ಚಾಕ ಯಾಕ ಕುಂತ್ರಿ? ಬಗಲಾಗಽ ಚಾಕು ಇತ್ತಲ್ಲ, ಕೊಯ್ದು ಒಗೀಬಾರದಾ?”

ಅವರು ಪಟ್ಟಿ ಸುತ್ತಿದ ಕೈಗಳನ್ನು ನೋಡಿಕೊಂಡರು.

“ಉಳದವ್ರದೆಲ್ಲಾ ಕೊಯ್ದ್ನಿ,” ಎಂದರು. “ನಿಂದೊಂದು ಕೊಯ್ಯಾಕ ಮನಸ್ಸು ಬರಲಿಲ್ಲ.”