ಮಹಬೂಬನ ಬಲಗೈ

ಮಹಬೂಬನ ಬಲಗೈ ಹೋದದ್ದು ಜಿಗಿತದ ಅಭ್ಯಾಸದ ವೇಳೆ ಬಿದಿರು ಮುರಿದಲ್ಲ. ಹಾಗೆಂದು ಬರೆದವನು ನಾನೇ. ಹುಮನಾಬಾದಿನ ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಆ ಲೇಖನ ಓದಿ ಕಣ್ಣೀರು ಹಾಕಿದವರಿದ್ದಾರೆ. ಅದು ಸುಳ್ಳು. ಅವನ ಕೈಯನ್ನು ಮನುಷ್ಯರು ಮುರಿದರು. ಕಲ್ಯಾಣದಲ್ಲಿ, ಅವನ ಮನೆಯ ಅಂಗಳದಲ್ಲಿ, ಹಾಡಹಗಲು — ನಾನು ಆಡಿದ ಒಂದು ಮಾತಿನ ಮೇಲೆ.

ಆ ಮಾತನ್ನು ನನ್ನ ಬಾಯಿಂದ ಹೊರಡಿಸಿದರೋ, ನಾನಾಗಿಯೇ ಆಡಿದೆನೋ — ಇದೊಂದನ್ನು ಮಾತ್ರ ಇಷ್ಟು ವರ್ಷವಾದರೂ ತೀರ್ಮಾನಿಸಲಾಗಿಲ್ಲ.

ಮಹಬೂಬ ಕಲ್ಯಾಣದ ಕೋಟೆಯ ಕೆಳಗಿನ ಓಣಿಯವನು, ಹತ್ತಿ ಹಿಂಜುವ ಪಿಂಜಾರರ ಮನೆಯ ಮಗ. ಹತ್ತು ವರ್ಷದವನಿದ್ದಾಗಿನಿಂದ ಅಪ್ಪನ ಜೊತೆ ಹಿಂಜುವ ಬಿಲ್ಲಿಗೆ ನಿಂತು ಅವನ ಬಲಭುಜ ಬೇರೆ ಯಾರದೋ ಮೈಯಿಂದ ತಂದು ಜೋಡಿಸಿದಂತಿತ್ತು. ಹುಮನಾಬಾದಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಓದಲು ಶಹರಕ್ಕೆ ಹೋದೆ, ತರ್ಕಶಾಸ್ತ್ರ ಕಲಿತೆ, ಯಾವುದನ್ನೂ ನಂಬದಿರುವುದನ್ನು ಕಲಿತೆ. ಮರಳಿ ಬಂದು ಅದೇ ಶಾಲೆಯಲ್ಲಿ ಮಾಸ್ತರನಾದಾಗ ನನ್ನ ಟ್ರಂಕಿನಲ್ಲಿ ದಶಸ್ಪರ್ಧೆಯ ನಿಯಮಗಳ ಒಂದು ಪುಸ್ತಕವಿತ್ತು. ಎರಡು ದಿನ, ಹತ್ತು ಆಟ: ಓಟ, ಜಿಗಿತ, ಎಸೆತ ಎಲ್ಲ ಒಬ್ಬನೇ ಮಾಡಬೇಕು, ಪ್ರತಿಯೊಂದಕ್ಕೂ ಅಂಕ. ಅದನ್ನು ಓದಿ ಹೇಳಿದಾಗ ಮಹಬೂಬ ನಕ್ಕಿದ್ದ.

"ಏ ದೋಸ್ತ, ಒಂದ ಆಟ ನೆಟ್ಟಗ ಬರದವ್ರಿಗಿ ಹತ್ತ ಆಟ ಆಡಸ್ತಾರೇನು?"

"ನಿನ್ನಂಥವ್ರಿಗೇ ಮಾಡ್ಯಾರ" ಎಂದೆ.

ಮುಂದಿನ ಹತ್ತು ವರ್ಷ ಅವನ ಪಾದ ಎಲ್ಲಿ ಬಿತ್ತು, ಎಸೆದ ಗುಂಡು ಎಲ್ಲಿ ಬಿತ್ತು ಎಂದು ಟೇಪು ಹಿಡಿದು ಅಳೆದವನು ನಾನು. ಜಿಲ್ಲೆಯಲ್ಲಿ ಗೆದ್ದ, ಸಂಸ್ಥಾನದಲ್ಲಿ ಗೆದ್ದ, ಮತ್ತೆ ಗೆದ್ದ. ಪರದೇಶಕ್ಕೆ ಹೋಗುವ ವಯಸ್ಸಿನಲ್ಲಿ ಮಹಾಯುದ್ಧ ಬಂದು ಅವನ ಒಳ್ಳೆಯ ವರ್ಷಗಳನ್ನೆಲ್ಲ ತಿಂದುಹಾಕಿತು. ನಲವತ್ತೆಂಟನೆಯ ಇಸವಿಯಲ್ಲಿ ಅವನಿಗೆ ಮೂವತ್ತು ಹತ್ತಿರವಾಗಿತ್ತು. ಚಳಿಗಾಲಕ್ಕೆ ಇಡೀ ದೇಶದ ಪಂದ್ಯವೊಂದು ಇದೆ ಎಂಬ ಸುದ್ದಿಯಿತ್ತು. "ಇದೊಂದ ಸಲ" ಎನ್ನುತ್ತಿದ್ದ. ಅವನಿಗೆ ಉಳಿದದ್ದು ನಿಜಕ್ಕೂ ಅದೊಂದೇ ಸಲ.

ಈಗ ಭರ್ಜಿಯ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ತಪ್ಪು ಇಲ್ಲಿಂದಲೇ ಹುಟ್ಟಿತು.

ಎಸೆಯುವ ಭರ್ಜಿ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಇದ್ದ ಹಳೆಯದರ ಮೊನೆ ಮೊಂಡಾಗಿತ್ತು. ನಮ್ಮ ಕಡೆಯ ಕೆಂಪು ನೆಲವೋ ಕಲ್ಲಿನಂಥದು. ಮೊಂಡು ಮೊನೆ ಬಿದ್ದಲ್ಲಿ ಗುರುತು ಮೂಡಿಸದೆ ಜಾರಿ ಹೋಗುತ್ತಿತ್ತು. ಗುರುತಿಲ್ಲದೆ ನಾನು ಅಳೆಯುವುದು ಹೇಗೆ? ಘಾಟಬೋರಾಳದ ಒಬ್ಬ ಕಮ್ಮಾರನ ಹತ್ತಿರ ಹೋಗಿ ನಾನೇ ಉಕ್ಕಿನ ಮೊನೆ ಮಾಡಿಸಿದೆ. ಅವನು ಮಾಡಿಕೊಟ್ಟದ್ದು ಸಾಲಲಿಲ್ಲ. ಇನ್ನೂ ಚೂಪು ಬೇಕೆಂದೆ.

"ಮಾಸ್ತರ್ರ, ಇದು ಆಟದ್ದೋ ಹೊಡದಾಟದ್ದೋ?" ಎಂದು ಕಮ್ಮಾರ ಕೇಳಿದ.

"ನೆಲದಾಗ ನಟ್ಟ ನಿಂದರಬೇಕಪ್ಪ, ಅಷ್ಟ" ಎಂದೆ.

ಆ ವರ್ಷ ಕಮ್ಮಾರರ ಕುಲುಮೆ ಆರಿದ್ದೇ ಇಲ್ಲ. ಹಿಂದೂಸ್ಥಾನಕ್ಕೆ ಸೇರಲೊಲ್ಲದ ನಮ್ಮ ಸಂಸ್ಥಾನದ ಮುಸಲ್ಮಾನ ಅರಸನ ಪರವಾಗಿ ಹೊರಟ ಸಶಸ್ತ್ರ ತಂಡಗಳು ಹಳ್ಳಿಗಳನ್ನು ಸುಟ್ಟಿದ್ದವು. ಗೋರ್ಟಾದ ಕಡೆಯಿಂದ ರಕ್ತ ಹತ್ತಿದ ಬಟ್ಟೆಯಲ್ಲೇ ಓಡಿಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಸೋದರಮಾವನನ್ನು ಅವನ ಹೊಲದ ಬದುವಿನಲ್ಲೇ ಭರ್ಜಿಯಿಂದ ತಿವಿದು ಕೊಂದಿದ್ದರು. ಆಮೇಲೆ ಹಿಂದೂಸ್ಥಾನದ ಸೈನ್ಯ ಬಂತು, ಅರಸನ ಆಳ್ವಿಕೆ ಬಿತ್ತು. ಬಿದ್ದ ಮರುದಿನದಿಂದಲೇ ಸೇಡು ಶುರುವಾಯಿತು. ಕೊಂದ ತಂಡದವರು ಓಡಿಹೋಗಿದ್ದರು. ಉಳಿದಿದ್ದವರು ಓಡುವ ಕಾರಣವೇ ಇಲ್ಲದವರು — ನೇಯುವವರು, ಹಿಂಜುವವರು, ಬಳೆ ಮಾರುವವರು, ತಲೆತಲಾಂತರದಿಂದ ಆ ಓಣಿಗಳಲ್ಲೇ ಇದ್ದ ಮುಸಲ್ಮಾನರು.

ನಾನು ಸೈಕಲ್ ತುಳಿದುಕೊಂಡು ಕಲ್ಯಾಣಕ್ಕೆ ಹೋದದ್ದು ಮಹಬೂಬನನ್ನೂ ಅವನ ಹೆಂಡತಿಯನ್ನೂ ಹುಮನಾಬಾದಿನ ನನ್ನ ಮನೆಗೆ ಕರೆತರಲು. ಹಾಗೆಂದು ನಂಬಿದ್ದೇನೆ. ಒಮ್ಮೊಮ್ಮೆ ಅದೂ ಆಮೇಲೆ ಸೇರಿಸಿಕೊಂಡದ್ದೇನೋ ಎನಿಸುತ್ತದೆ. ದಾರಿಯಲ್ಲಿ ಜಿಟಿಜಿಟಿ ಮಳೆಯಿತ್ತು ಎಂದು ನೆನಪು. ಅಂಗಳದ ಧೂಳಿನಲ್ಲಿ ರಕ್ತ ಉಂಡೆ ಉಂಡೆಯಾದದ್ದೂ ನೆನಪು. ಎರಡೂ ಒಟ್ಟಿಗೆ ನಿಜವಾಗಲಾರವು.

ಅವರು ಗಂಟು ಕಟ್ಟುತ್ತಿರುವಾಗಲೇ ಮಂದಿ ಬಂದರು. ಇಪ್ಪತ್ತು ಜನ, ಇಲ್ಲವೇ ಮೂವತ್ತು. ಕೊಡಲಿ, ಬಡಿಗೆ. ಓಣಿಯ ತುದಿಯ ಮನೆಯಲ್ಲಿ ಕೆಲಸ ಮುಗಿಸಿಯೇ ಬಂದಿದ್ದರು. ಮುಂದಿದ್ದವನ ಕೊಡಲಿಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಅವರಲ್ಲಿ ಗುಂಡಪ್ಪನಿದ್ದ — ಸತ್ತ ನನ್ನ ಸೋದರಮಾವನ ಮಗ. ಅವನನ್ನು ಕಂಡೊಡನೆ ನನಗೆ ಜೀವದ ಭಯ ಹೋಯಿತು. ಇದನ್ನು ಬರೆಯಲೇಬೇಕು. ನನ್ನ ಮೈಗೆ ಅಲ್ಲಿ ಯಾರೂ ಕೈಹಚ್ಚುವಂತಿರಲಿಲ್ಲ, ಮತ್ತು ಅದು ನನಗೆ ಗೊತ್ತಿತ್ತು.

ಒಬ್ಬ ಒಳಗೆ ನುಗ್ಗಿ ತೊಲೆಗೆ ಸಿಕ್ಕಿಸಿದ್ದ ಭರ್ಜಿಯನ್ನು ಕಿತ್ತುಕೊಂಡು ಬಂದ. ಗುಂಡಪ್ಪ ಅದರ ಮೊನೆಯ ಮೇಲೆ ಹೆಬ್ಬೆರಳು ಆಡಿಸಿದ. ಅವನಪ್ಪನ ಹೆಣದಲ್ಲಿ ಅವನು ಕಂಡದ್ದು ಅಂಥದೇ ಮೊನೆ ಕೊರೆದ ಗಾಯವನ್ನು.

ಆಗ ಗುಂಡಪ್ಪನಿಂದ ಬಂತು ಆ ಪ್ರಶ್ನೆ: "ಇದು ಯಾರ್ದೋ?"

ನಾನು ಹೇಳಿದೆ: "ಅವಂದು."

ಅಷ್ಟೇ. ಸುಳ್ಳಲ್ಲ — ತರ್ಕದಲ್ಲಿ ಒಂದು ಎಳೆಯೂ ತಪ್ಪಿಲ್ಲ. ಅವನದೇ ಭರ್ಜಿ. ನಾನು ಮಾಡಿಸಿದ್ದು, ನಾನು ಚೂಪು ಮಾಡಿಸಿದ್ದು, ಇದರಿಂದ ಒಂದು ಇಲಿಯೂ ಸತ್ತಿಲ್ಲ, ಇದು ಆಟದ ಸಾಮಾನು — ಇಷ್ಟನ್ನೂ ಹೇಳಲು ಬೇಕಾದ ಉಸಿರು ನನ್ನಲ್ಲಿತ್ತು. ಹೇಳಲಿಲ್ಲ. ಯಾಕೆ ಎಂದು... ಮಾವನ ಮುಖವೇ? ಗುಂಡಪ್ಪನ ಮುಖವೇ? ಹತ್ತು ವರ್ಷ ಟೇಪು ಹಿಡಿದು ಹಿಂದೆ ನಿಂತವನ ಹೊಟ್ಟೆಯೊಳಗಿನ ಇನ್ನೇನಾದರೂ —

ಅವನನ್ನು ಕೆಡವಿದರು. ಬಡಿಗೆಗಳು ಪಕ್ಕೆಗೆ, ಮೊಣಕಾಲಿಗೆ, ಬಾಯಿಗೆ ಬಿದ್ದವು. ಹಲ್ಲು ಸಿಡಿದು ನನ್ನ ಪಾದದ ಹತ್ತಿರ ಬಂತು. ಅವನ ಹೆಂಡತಿ ಅಡ್ಡ ಬಿದ್ದಾಗ ಜಡೆ ಹಿಡಿದು ಎಳೆದು ಬಾಗಿಲಿಗೆ ಅಪ್ಪಳಿಸಿದರು. "ಎಸಿಯೂ ಕೈ ಯಾವದಲೇ ಇವಂದು?" ಎಂದು ಯಾರೋ ಕೂಗಿದ. ಅದಕ್ಕೆ ಉತ್ತರವನ್ನು ಯಾರೂ ಹೇಳಬೇಕಿರಲಿಲ್ಲ, ಭುಜವೇ ಹೇಳುತ್ತಿತ್ತು. ಬಲಗೈಯನ್ನು ಎಳೆದು ರುಬ್ಬುವ ಕಲ್ಲಿನ ಮೇಲೆ ಚಾಚಿ, ಇಬ್ಬರು ಮಣಿಕಟ್ಟನ್ನು ತುಳಿದು ನಿಂತರು. ಗುಂಡಪ್ಪ ಮೂಲೆಯಲ್ಲಿದ್ದ ಎಸೆತದ ಕಬ್ಬಿಣದ ಗುಂಡನ್ನು ಎತ್ತಿದ. ಮಹಬೂಬ ಒಂದೇ ಅಂಗೈಯಲ್ಲಿ ಕುತ್ತಿಗೆಗೆ ಒತ್ತಿ ಹಿಡಿಯುತ್ತಿದ್ದುದನ್ನು ಎತ್ತಲು ಅವನಿಗೆ ಎರಡೂ ಕೈ ಬೇಕಾದವು. ಮೊಣಕೈಯ ಮೇಲೆ ಬಿಟ್ಟ. ಹಸಿ ಟೊಂಗೆ ಮುರಿದ ಸದ್ದಾಯಿತು. ಮತ್ತೆ ಎತ್ತಿದ. ಈ ಸಲ ಬೆರಳುಗಳ ಮೇಲೆ. ಎಷ್ಟು ಸಲವೋ — ನಾಲ್ಕು ಎಂದು ನೆನಪು. ಎಣಿಸುವ ರೂಢಿ ನನ್ನದು, ಆದರೂ ಖಾತ್ರಿಯಿಲ್ಲ.

ಅವನ ಜೀವ ಉಳಿಯಿತು. ಆ ಓಣಿಯಲ್ಲಿ ಎಲ್ಲರದೂ ಉಳಿಯಲಿಲ್ಲ. ಕೈ ಮೊಣಕೈಯಲ್ಲಿ ಸೊಟ್ಟಗೆ ಕೂಡಿಕೊಂಡಿತು, ಬೆರಳು ಮುಚ್ಚಲಿಲ್ಲ.

ಕೆಲವು ವರ್ಷಗಳಾದ ಮೇಲೆ ಶಾಲೆಯವರು ಅವನ ಬಗ್ಗೆ ಬರೆಯಿರೆಂದಾಗ ನಾನು ಬಿದಿರಿನ ಕಥೆ ಕಟ್ಟಿದೆ. ಬಿದಿರು ಊರಿ ಜಿಗಿಯುವ ಪೋಲ್‌ವಾಲ್ಟಿನ ಅಭ್ಯಾಸ, ಎತ್ತರದಲ್ಲಿ ಮುರಿದ ಬಿದಿರು, ಕೈಯ ಮೇಲೆ ಬಿದ್ದ ವೀರ. ಊರಿಗೆ ಊರೇ ಅದನ್ನು ಒಪ್ಪಿಕೊಂಡಿತು. ಎಲ್ಲರಿಗೂ ಅದು ಬೇಕಾಗಿತ್ತು. ಮಹಬೂಬನನ್ನು ಕೇಳಿದವರಿಗೆ ಅವನೂ "ಹೌದ್ರಿ, ಹಂಗ ಆತು" ಎನ್ನುತ್ತಿದ್ದನಂತೆ.

ನನ್ನನ್ನು ಕಾಪಾಡಿಕೊಂಡು ಬಂದದ್ದು ಒಂದೇ ಒಂದು ಸಂಗತಿ: ನನ್ನನ್ನು ಕೇಳಿದರು, ಹೇಳಿದೆ. ಅದೂ ಹೋಯಿತು. ಹೋದ ವರ್ಷ ಮಾಣಿಕನಗರದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಗುಂಡಪ್ಪ ಪಕ್ಕಕ್ಕೆ ಕುಳಿತ. ಮುದುಕನಾಗಿದ್ದಾನೆ. ಅವನೇ ತೆಗೆದ ಮಾತು.

"ನಿನ್ನ ಯಾರ ಕೇಳಿದ್ರೋ ಅಣ್ಣಾ? ನಾ ಅವನ್ನ ಕೇಳಿದ್ದೆ. ಅಂವ ಬಾಯಿ ತೆರಿಯೂದ್ರಾಗ ನೀ ಅಂದಿ."

ಗುಂಡಪ್ಪನ ನೆನಪನ್ನೂ ನಾನು ನಂಬಬೇಕಿಲ್ಲ. ಪಾಪದಲ್ಲಿ ಪಾಲು ಹಂಚುವ ಆಸೆ ಅವನಿಗೂ ಇರಬಹುದು. ನಾನು ಹೋಗಿ ಕೇಳಬಹುದಾದ ಮೂರನೆಯ ಸಾಕ್ಷಿ ಒಬ್ಬನೇ ಇದ್ದ. ನೋಡಿ ನನ್ನ ಬುದ್ಧಿಯನ್ನು — ಕ್ಷಮೆ ಕೇಳಲು ಅಲ್ಲ, ಪುರಾವೆ ಕೇಳಲು ನಾನು ಮಹಬೂಬನ ಮನೆಗೆ ಹೋದೆ.

ಕಟ್ಟೆಯ ಮೇಲೆ ಕೂತಿದ್ದ. ಎಡಗೈಯಿಂದ ಬೀಡಿ ಹಚ್ಚಿಕೊಂಡ. ನಾನು ಸುತ್ತಿ ಬಳಸಿ ಕೇಳಿದೆ. ಅಂದು ನನ್ನನ್ನು ಯಾರಾದರೂ ಕೇಳಿದರೇ, ಇಲ್ಲವೇ ನಾನಾಗಿಯೇ...

ಅವನು ಸೊಟ್ಟ ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ.

"ಅದೆಲ್ಲ ನಂಗ ಗೊತ್ತಿಲ್ಲ ದೋಸ್ತ" ಎಂದ. "ನಾ ಅವರ ಕಡಿ ನೋಡಲೇ ಇಲ್ಲ. ನಿನ್ನ ಬಾಯಿ ನೋಡಾಕತ್ತಿದ್ದೆ. ಮಾಸ್ತರ ಇಲ್ಲೇ ಹಾನ, ಈಗ ಹೇಳ್ತಾನ, ಇದು ಆಟದ್ದು ಅಂತ ಹೇಳ್ತಾನ... ಆ ಕಬ್ಬಿಣದ ಗುಂಡ ಎತ್ತೋತನಕಾ ನೋಡಾಕತ್ತಿದ್ದೆ."

ಬೀಡಿ ಆರಿತ್ತು. ಮತ್ತೆ ಹಚ್ಚಲಿಲ್ಲ.

ಅಲ್ಲಿಗೆ ನನ್ನ ಪ್ರಶ್ನೆ ಸತ್ತಿತು. ಕೇಳಿದ್ದರೇನು, ಕೇಳದಿದ್ದರೇನು? ಆ ಒಂದು ಮಾತಿನ ಆಚೆಗೆ, ಅವನನ್ನು ಕೆಡವಿ, ಬಡಿದು, ಗುಂಡು ಎತ್ತುವಷ್ಟು ಹೊತ್ತು ಇತ್ತು. ಅಷ್ಟೂ ಹೊತ್ತು ಒಬ್ಬನು ನನ್ನ ಬಾಯಿಯನ್ನು ನೋಡುತ್ತಿದ್ದ. ನಾನು ಮುಚ್ಚಿಕೊಂಡೇ ಇದ್ದೆ. ಇದರಲ್ಲಿ ಸಂದೇಹಕ್ಕೆ ಜಾಗವಿಲ್ಲ.

ನಾಳೆ ಈ ಹಾಳೆಗಳನ್ನು ಅವನ ಮುಂದೆ ಕೂತು ಓದುತ್ತೇನೆ. ಅವನು ನಡುವೆಯೇ ಎದ್ದು ಒಳಗೆ ಹೋಗಬಹುದು. ಹೋದರೂ ಕೊನೆಯ ಸಾಲಿನವರೆಗೆ, ಓಣಿಯವರಿಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತೇನೆ.